ಐದನೇ ಅಂಕಣ

ಹೋದ ತಿಂಗಳು ಹಾಸನದಲ್ಲಿ ಗೆಳತಿಯೊಬ್ಬಳ ಮೊಮ್ಮಗುವನ್ನು ನೋಡಲು ಹೋಗಿದ್ದೆ. ಅಪಾರ್ಟ್‌ಮೆಂಟಿನ ಮೂರನೇ ಮಹಡಿ, ಕಾಂಕ್ರೀಟಿನ ಸೂರು. ಒಳಗಿನ ಕೋಣೆಯಿಂದ ಕೂಸಿಗೆ ಹಾಕಿದ ಓಮಿನ ಹೊಗೆಯ ವಾಸನೆ ಬಂತು. ಎಲ್ಲರೂ ಕೂಸಿನ ಮುಖ ಯಾರ ಹಾಗಿದೆ ಎಂದು ಚರ್ಚೆ ಮಾಡುತ್ತಿದ್ದರೆ ನಾನು ಕತ್ತೆತ್ತಿ ಸೂರನ್ನೇ ನೋಡುತ್ತ ನಿಂತುಬಿಟ್ಟಿದ್ದೆ. "ಏನೇ ಅದು, ಮೇಲೆ ನೋಡ್ತಿದ್ದೀಯಾ?" ಎಂದಳು ಗೆಳತಿ. "ಫ್ಯಾನು ಚೆನ್ನಾಗಿದೆ" ಎಂದೆ. ನರಗುಂದದಲ್ಲಿ ನಾನು ಕಳೆದ ಒಂದು ಮಳೆಗಾಲವನ್ನು ಕಾಫಿ ಕುಡಿಯುತ್ತ ಹೇಳಿ ಮುಗಿಸಲು ಆಗುತ್ತಿರಲಿಲ್ಲ.

ನಾನು ಗಣಿತದ ಟೀಚರು. ಬಡ್ತಿಯ ಜೊತೆ ವರ್ಗವೂ ಬಂದು, ಒಂದು ವರ್ಷದ ಮಟ್ಟಿಗೆ ನರಗುಂದದ ಹೈಸ್ಕೂಲಿಗೆ ಹೋಗಬೇಕಾಯಿತು. ಮನೆಮಂದಿಯನ್ನು ಹಾಸನದಲ್ಲೇ ಬಿಟ್ಟು ಒಬ್ಬಳೇ ಹೋದೆ. ಲೆಕ್ಕದಲ್ಲಿ ನಾನು ತಪ್ಪುವುದಿಲ್ಲ ಎನ್ನುವ ಜಂಬ ಆಗ ಬಹಳವಿತ್ತು. ಅಂಗಡಿಯವನು ಕೂಡಿಸುವ ಮೊದಲೇ ನಾನು ಕೂಡಿಸಿ ಹೇಳುತ್ತಿದ್ದೆ, ಅವನಿಗೆ ಕಿರಿಕಿರಿಯಾಗುತ್ತದೆ ಎಂದು ಗೊತ್ತಿದ್ದೂ.

ನನಗೆ ಬಾಡಿಗೆಗೆ ಸಿಕ್ಕ ಕೋಣೆ ಹಳೆಯ ಊರಿನ ಒಳಗಿರಲಿಲ್ಲ. ಊರ ಹೊರಗೆ ಹೊಲಗಳ ಅಂಚಿನಲ್ಲಿ ಐದಾರು ದೊಡ್ಡ ಮನೆಗಳ ಸಾಲೊಂದಿತ್ತು. ಹಿಂದೆ ಯಾವಾಗಲೋ ಪ್ಲೇಗು ಬಂದಾಗ ಹತ್ತಿ ವ್ಯಾಪಾರಿಗಳು ಊರೊಳಗಿನ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಇಲ್ಲಿ ಗಾಳಿಗೆ ಬಂದು ಕಟ್ಟಿಸಿದ್ದು ಎನ್ನುತ್ತಿದ್ದರು. ಈಗ ಊರೇ ಅವುಗಳ ತನಕ ಬಂದು, ದಾಟಿಕೊಂಡು ಮುಂದೆ ಹೋಗಿದೆ. ಆದರೂ ಜನ ಅವನ್ನು "ಹೊರಗಿನ ಮನಿಗಳು" ಎಂದೇ ಕರೆಯುತ್ತಿದ್ದರು.

ಮನೆಯೊಡತಿ ಬಸಲಿಂಗವ್ವ. ಐವತ್ತು ದಾಟಿದ ಗಟ್ಟಿಗಿತ್ತಿ. ಗಂಡ ತೀರಿಕೊಂಡ ಮೇಲೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಟ್ಟು ಮನೆ ನಡೆಸುತ್ತಿದ್ದರು. ಮೊದಲ ದಿನವೇ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಹೇಳಿದರು:

"ಅಕ್ಕೋರ, ನಮ್ಮದು ಏಳ ಅಂಕಣದ ಮನಿ ನೋಡ್ರಿ. ಈ ಸಾಲಿನ್ಯಾಗ ಇಷ್ಟ ದೊಡ್ಡದು ಮತ್ತೊಂದಿಲ್ಲ."

"ಅಂಕಣ ಅಂದರೆ ಪೇಪರಿನಲ್ಲಿ ಬರುತ್ತಲ್ಲ, ಅದು ತಾನೇ?" ಎಂದೆ.

"ಪೇಪರನ್ಯಾಗ ಮಲಕೊಳ್ಳಾಕ ಬರತೈತೇನ್ರಿ?" ಎಂದು ನಕ್ಕು, ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ತೊಲೆ ಕಾಣುವ ಒಂದು ಕಡೆ ನಿಲ್ಲಿಸಿ ತೋರಿಸಿದರು. ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಒಂದೊಂದು ದಪ್ಪ ತೊಲೆ. ತೊಲೆಯ ನಡುವಿಗೆ ಆಸರೆಯಾಗಿ ಒಂದು ತೇಗದ ಕಂಬ. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ತೊಲೆಗಳ ಮೇಲೆ ಜಂತಿಗಳನ್ನು ಜೋಡಿಸಿ, ಅದರ ಮೇಲೆ ಮೊಳದಷ್ಟು ದಪ್ಪ ಮಣ್ಣು. ಮಣ್ಣಿನ ಮಾಳಿಗೆ ಸೋರದಿರಲಿ ಎಂದು ಪ್ರತಿ ವರ್ಷ ಮಳೆಗೆ ಮೊದಲು ಸವಳು ಮಣ್ಣು, ಅಂದರೆ ನೀರು ಇಳಿಯಗೊಡದ ಜಿಗುಟು ಬಿಳಿ ಮಣ್ಣು, ತಂದು ಹರಡಬೇಕು. ಹಳೆಯದನ್ನು ಯಾರೂ ತೆಗೆಯುವುದಿಲ್ಲ, ಅದರ ಮೇಲೇ ಹೊಸದು. ಎಷ್ಟು ವರ್ಷದ ಮಣ್ಣು ಮೇಲಿದೆ ಎಂದು ಕೇಳಿದ್ದಕ್ಕೆ ಬಸಲಿಂಗವ್ವ, "ಮನಿಗೆ ಎಷ್ಟ ವರ್ಷ ಆಗ್ಯಾವೋ ಅಷ್ಟು" ಎಂದರು.

ನನ್ನದು ಬೀದಿ ಬಾಗಿಲ ಪಕ್ಕದ ಮೊದಲ ಅಂಕಣದಲ್ಲಿ ಗೋಡೆ ಹಾಕಿ ಮಾಡಿದ ಕೋಣೆ. ಎರಡನೆಯದು ಬರೀ ಹಾದಿ. ಮೂರನೆಯದು ಹಿಂದೆ ಎತ್ತು ಕಟ್ಟುತ್ತಿದ್ದ ಜಾಗ, ಈಗ ರೊಟ್ಟಿಯ ಒಲೆಗಳು ಅಲ್ಲಿದ್ದವು. ಅಲ್ಲಿಂದ ಮುಂದೆ ಸೊಂಟದೆತ್ತರದ ಕಟ್ಟೆ. ಕಲ್ಲಿನ ಮೆಟ್ಟಿಲು ಹತ್ತಿ ಹೋದರೆ ಪಡಸಾಲೆ, ಆಮೇಲೆ ಒಂದು ಕತ್ತಲೆ ಕೋಣೆ, ಅಡುಗೆಮನೆ, ಕೊನೆಗೆ ದೇವರ ಮನೆ. ಇಷ್ಟು ಹೇಳುವಾಗ ಇವತ್ತಿಗೂ ನನ್ನ ಬೆರಳುಗಳು ತಾವಾಗಿ ಎಣಿಸುತ್ತವೆ.

ಮನೆಗೆ ಬಸಲಿಂಗವ್ವ ಮೂರನೆಯ ಒಡೆತನದವರು. ಕಟ್ಟಿಸಿದ್ದು ಹತ್ತಿ ವ್ಯಾಪಾರಿಯೊಬ್ಬರು. ಅವರ ಮನೆತನದಿಂದ ಒಬ್ಬ ವಕೀಲರು ಕೊಂಡರು. ಮಾಳಿಗೆಯಿಂದ ಕಾಗದಪತ್ರದ ಮೇಲೆ ಮಣ್ಣು ಉದುರುತ್ತದೆ ಎಂದು ವಕೀಲರು ತೊಲೆ, ಜಂತಿ ಎಲ್ಲವೂ ಮರೆಯಾಗುವ ಹಾಗೆ ಕೆಳಗಿನಿಂದ ಹಲಗೆ ಹೊಡೆಸಿದರು. ನಡುನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ ಕಂಬಗಳನ್ನೂ ಗೋಡೆಯೊಳಗೆ ಸೇರಿಸಿ ಗಿಲಾವು ಮಾಡಿಸಿದರು. ಅವರಿಂದ ಬಸಲಿಂಗವ್ವನ ಗಂಡ ಕೊಂಡಾಗ ಮನೆ ನೋಡಲು ನುಣ್ಣಗಿತ್ತು. ಕಂಬವಾಗಲಿ ತೊಲೆಯಾಗಲಿ ಹೆಚ್ಚಿನ ಕಡೆ ಕಣ್ಣಿಗೇ ಬೀಳುತ್ತಿರಲಿಲ್ಲ.

ಜೂನಿನ ಒಂದು ಭಾನುವಾರ ಬಿಳಿ ಟೋಪಿಯ ಮುದುಕರೊಬ್ಬರು ಬೀದಿಯಲ್ಲಿ ನಿಂತು ಮನೆಯನ್ನೇ ನೋಡುತ್ತಿದ್ದರು. ಕರೆದು ಕೂರಿಸಿದೆ. ಹೆಸರು ಗುರುಪಾದಪ್ಪ, ಮನೆ ಕಟ್ಟಿಸಿದ ವ್ಯಾಪಾರಿಯ ಮೊಮ್ಮಗ. ಈಗ ಇರುವುದು ಕೊಣ್ಣೂರಿನ ಸೇತುವೆ ದಾಟಿ ಆಚೆಯ ಹಳ್ಳಿಯಲ್ಲಿ.

"ನಮ್ಮ ಅಪ್ಪಾರು ಮೋಟಾರ ಗಾಡಿ ತಂದ್ರು ನೋಡ್ರಿ. ಬೀದ್ಯಾಗ ನಿಲ್ಲಿಸಿದ್ರ ಮಂದಿ ಕಣ್ಣ ಬೀಳತೈತಿ ಅಂತ ಎತ್ತ ಬಿಚ್ಚಿ ಬ್ಯಾರೆ ಕಡೆ ಕಟ್ಟಿ, ಆ ಜಾಗಾದಾಗ ಮೋಟಾರ ನಿಲ್ಲಿಸಿದ್ರು. ನಮ್ಮವ್ವ ದಿನಾ ಅದಕ್ಕ ಕುಂಕುಮ ಹಚ್ಚತಿದ್ಲು" ಎಂದು ನಕ್ಕರು. ಹೋಗುವಾಗ ಫೋನ್ ನಂಬರು ಬರೆಸಿ, "ಮನಿ ಮಾರೂ ವಿಚಾರ ಏನರ ಬಂದ್ರ ನನಗೊಂದ ಮಾತ ತಿಳಸ್ರಿ" ಎಂದರು. ಬಸಲಿಂಗವ್ವನಿಗೆ ಹೇಳಿದರೆ, "ಮಾರಿದ ಮನಿ ಮ್ಯಾಲ ಇನ್ನೂ ಕಣ್ಣ ಐತಿ ಮುದುಕಂದು" ಎಂದು ಮೂಗು ಮುರಿದರು.

ಆಗಸ್ಟಿನಲ್ಲಿ ಬಸಲಿಂಗವ್ವನ ಮಗಳು ರೇಖಾ ಹೆರಿಗೆಗೆ ಬಂದಳು. ಅವಳನ್ನು ಕೊಟ್ಟಿದ್ದು ಮುಶಿಗೇರಿಗೆ. ದವಾಖಾನೆಯಲ್ಲಿ ಹೆಣ್ಣು ಹುಟ್ಟಿತು. ಮೂರನೇ ದಿನ ಮನೆಗೆ ಕರೆತಂದರು. ಅದೇ ದಿನ ಮಳೆ ಹಿಡಿಯಿತು. ಆ ಕಡೆ ಮಳೆ ಬಂದರೆ ಬಂತು, ಹೋದರೆ ಹೋಯಿತು ಎಂದು ನಾನು ತಿಳಿದಿದ್ದೆ. ಈ ಮಳೆ ಹೋಗಲಿಲ್ಲ. ಸಣ್ಣಗೆ, ಬಿಡದೆ, ಹಗಲೂ ರಾತ್ರಿ ಸುರಿಯಿತು. ಕರಿಮಣ್ಣಿನ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಹೂತವು, ಬಸ್ಸುಗಳು ನಿಂತವು, ಶಾಲೆಗೆ ರಜೆ ಕೊಟ್ಟರು. ಕೂಸು ನೋಡಲು ಹೊರಟ ಅಳಿಯ ಅರ್ಧ ದಾರಿಯಿಂದ ತಿರುಗಿ ಹೋದ. ಬಾಣಂತಿಯನ್ನು ಗಾಳಿ ಬಾರದ ಆ ಕತ್ತಲೆ ಕೋಣೆಯಲ್ಲಿ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡವಿಟ್ಟು, ಓಮಿನ ಹೊಗೆ ಹಾಕಿ ಬಾಗಿಲು ಮುಚ್ಚುತ್ತಿದ್ದರು.

ಮಳೆಯ ಐದನೇ ದಿನ ಮಧ್ಯಾಹ್ನ ನಾನು ಕೋಣೆಯಲ್ಲಿ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಳಗೆಲ್ಲೋ 'ಕಟ್' ಎಂದಿತು. ಒಣ ಕಟ್ಟಿಗೆ ಮುರಿದ ಸದ್ದು. ಹತ್ತು ನಿಮಿಷ ಬಿಟ್ಟು ಮತ್ತೆ. ಎದ್ದು ಹೋದರೆ ರೇಖಾ ಹೊರಸಿನ ಮೇಲೆ ಎದ್ದು ಕೂತಿದ್ದಳು.

"ಅಕ್ಕೋರ, ನಿಮಗೂ ಕೇಳಿಸ್ತೇನ್ರಿ?"

"ಹೆಗ್ಗಣ" ಎಂದರು ಬಸಲಿಂಗವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಹೆಗ್ಗಣ ಮರ ಮುರಿಯುವುದಿಲ್ಲ. ನನಗೆ ಹೆದರಿಕೆಯಾಯಿತು. ಹಲಗೆಯ ಹಿಂದೆ ಏನಿದೆ ಎಂದು ಬಲ್ಲವರು ಈ ಮನೆಯಲ್ಲಿ ಯಾರೂ ಇರಲಿಲ್ಲ, ವಕೀಲರೂ ಬದುಕಿರಲಿಲ್ಲ. ಗುರುಪಾದಪ್ಪನ ನಂಬರು ನೆನಪಾಗಿ ಫೋನು ಮಾಡಿದೆ. ಸದ್ದಿನ ವಿಷಯ ಹೇಳಿದೆ.

"ಮನ್ಯಾಗ ಯಾರದಾರ್ರಿ?"

"ಬಾಣಂತಿ ಇದ್ದಾಳೆ. ಏಳು ದಿನದ ಕೂಸು."

"ಅಕ್ಕೋರ, ಐದನೇ ಅಂಕಣದಾಗ ಯಾರನ್ನೂ ಇಡಬ್ಯಾಡ್ರಿ. ಅಲ್ಲಿ ಕಂಬ ತಗಸ್ಯಾರ. ತೊಲಿ ಎರಡ ತುಂಡ ಐತಿ, ಕಬ್ಬಣದ ಪಟ್ಟಿ ಹೊಡದು ಕೂಡಿಸ್ಯಾರ. ಹಲಗಿ ಬಡದಿದ್ದಕ್ಕ ಕಾಣಂಗಿಲ್ಲ. ನಾನ ಬರತಿದ್ದೆ, ಕೊಣ್ಣೂರ ಸೇತುವಿ ಮ್ಯಾಲ ನೀರ ಹೊಂಟೈತಿ…" ಅಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಎಷ್ಟು ಸಲ ಮಾಡಿದರೂ ಹತ್ತಲಿಲ್ಲ.

ನಾನು ಬೀದಿ ಬಾಗಿಲಿಗೆ ಹೋಗಿ ನಿಂತು ಎಣಿಸಿದೆ. ನನ್ನ ಕೋಣೆ ಒಂದು, ಹಾದಿ ಎರಡು, ರೊಟ್ಟಿಯ ಒಲೆ ಮೂರು, ಪಡಸಾಲೆ ನಾಲ್ಕು. ಐದನೆಯದು ಬಾಣಂತಿಯ ಕೋಣೆ.

ಬಸಲಿಂಗವ್ವ ಒಪ್ಪಲಿಲ್ಲ. ಹಸಿ ಬಾಣಂತಿಯನ್ನು ಹೊರಗಿನ ಗಾಳಿಗೆ ತಂದರೆ ಸನ್ನಿಯಾಗುತ್ತದೆ ಎಂದರು. ಮುದುಕ ಮನೆ ಬಿಡಿಸಲು ಆಟ ಹೂಡಿದ್ದಾನೆ ಎಂದರು. ಪಕ್ಕದ ಮನೆಗೆ ಕರೆದೊಯ್ಯೋಣವೆಂದರೆ ಅದೂ ಮಣ್ಣಿನ ಮಾಳಿಗೆ, ಆಗಲೇ ಸೋರುತ್ತಿತ್ತು.

"ಹಾಗಾದರೆ ಮೂರನೇ ಅಂಕಣಕ್ಕೆ ತನ್ನಿ" ಎಂದೆ. "ಒಲೆ ಇದೆ, ಬೆಚ್ಚಗಿದೆ."

"ಎತ್ತ ಕಟ್ಟತಿದ್ದ ಜಾಗಾದಾಗ ಬಾಣಂತಿ ಮಲಗಸಬೇಕೇನ್ರಿ?"

"ಮಗಳು ಬೇಕೋ, ಜಾಗದ ಮರ್ಯಾದೆ ಬೇಕೋ?"

ಹಾಗೆ ಕೇಳಬಾರದಿತ್ತು. ಬಸಲಿಂಗವ್ವನ ಕಣ್ಣಲ್ಲಿ ನೀರು ಬಂತು. ಎದ್ದು ರೊಟ್ಟಿಯ ಹಿಟ್ಟು ಒಳಗೆ ಸಾಗಿಸಿ, ನೆಲ ಸಾರಿಸಿ, ಹೊರಸು ಇಳಿಸಿದರು. ರೇಖಾ ನನ್ನ ಹೆಗಲ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಇಳಿದಳು. ಕೂಸು ನನ್ನ ಕೈಯಲ್ಲಿತ್ತು. ಮೂರನೇ ಅಂಕಣದಲ್ಲಿ ಅವಳನ್ನು ಮಲಗಿಸಿ ಹೊದಿಸಿದಾಗ ನನಗೆ ಎಂಥ ಸಮಾಧಾನವಾಯಿತೆಂದರೆ, ಆ ರಾತ್ರಿ ಸದ್ದು ಕೇಳಿಸಿದರೂ ಖಾಲಿ ಕೋಣೆ ತಾನೇ ಎಂದುಕೊಂಡು ಮಗ್ಗುಲಾದೆ.

ಮರುದಿನ ಬೆಳಿಗ್ಗೆ ಬಸಲಿಂಗವ್ವ ಆಳು ಹಿಡಿದು ಮಾಳಿಗೆಯ ಮೇಲೆ ಹತ್ತು ಬುಟ್ಟಿ ಸವಳು ಮಣ್ಣು ಹಾಕಿಸಿದರು. ಬಾಣಂತಿ ಮಲಗಿದ ಕಡೆ ಒಂದು ಹನಿಯೂ ಸೋರಬಾರದಲ್ಲ, ಹಾಗಾಗಿ ಹತ್ತನ್ನೂ ಮೂರನೇ ಅಂಕಣದ ಮೇಲೇ. ನಾನೂ ಕೆಳಗೆ ನಿಂತು, "ಇನ್ನೂ ಸ್ವಲ್ಪ ಈಚೆಗೆ" ಎಂದು ಕೂಗಿ ಹೇಳಿದೆ.

ಹನ್ನೊಂದು ಗಂಟೆಯ ಹೊತ್ತಿಗೆ ನಾನು ಹೇಳಿಕಳಿಸಿದ್ದ ಬಡಿಗ ಮೌನೇಶಪ್ಪ ಬಂದರು. ಈ ಸಾಲಿನ ಮನೆಗಳನ್ನು ಕಟ್ಟಿದ ಬಡಿಗೇರ ಮನೆತನದವರೇ ಅವರು. ಐದನೇ ಅಂಕಣದ ತೊಲೆಗೆ ಕೆಳಗಿನಿಂದ ಆಸರೆ ಕೊಡಲು ಎರಡು ಬಲವಾದ ಮರದ ಗಳ ಹೊತ್ತು ತಂದಿದ್ದರು. ಖಾಲಿ ಕೋಣೆಯಲ್ಲಿ ನಿಂತು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರು. ಒಂದು ಕಡೆ ನಿಂತು, ಉಳಿಯಿಂದ ಗಿಲಾವು ಕೆತ್ತಿದರು. ಒಳಗೆ ಕಪ್ಪಗೆ ಮಿನುಗುವ ಮರ ಕಂಡಿತು.

"ಕಂಬ ಇಲ್ಲೇ ಐತಲ್ರಿ, ಕಲ್ಲಿನಂಗ ಐತಿ" ಎಂದರು. ಮೇಲಿನ ಒಂದು ಹಲಗೆ ಬಿಚ್ಚಿ ಕೈ ತೂರಿಸಿದರು. "ತೊಲಿನೂ ಇಡೀ ಐತಿ. ತುಂಡ ಅಂತ ಯಾರ ಹೇಳಿದ್ರು?"

"ಗುರುಪಾದಪ್ಪನವರು. ಐದನೇ ಅಂಕಣ ಎಂದರು. ನಾನೇ ಎಣಿಸಿದೆ."

"ಎಲ್ಲಿಂದ ಎಣಿಸಿದ್ರಿ?"

"ಬಾಗಿಲಿನಿಂದ. ಮತ್ತೆಲ್ಲಿಂದ?"

ಮೌನೇಶಪ್ಪ ಉಳಿ ಕೆಳಗಿಟ್ಟರು. "ಈ ಮನಿ ಕಟ್ಟಿಸಿದವರು ಬಾಗಲದಿಂದ ಎಣಸೂದಿಲ್ರಿ ಅಕ್ಕೋರ. ದೇವರ ಮನಿಂದ ಎಣಸತಾರ. ಮೊದಲ ಕಂಬ ಪೂಜಿ ಮಾಡಿ ನಿಲ್ಲಿಸಿದ್ದು ಅಲ್ಲಿ. ನಮ್ಮಜ್ಜ ಹಂಗ ಕಟ್ಟಿದ, ಅವರೂ ಹಂಗ ಕಲತರು."

ಏಳು ಅಂಕಣ. ಯಾವುದೇ ಅಂಕಣವನ್ನು ಎರಡೂ ಕಡೆಯಿಂದ ಎಣಿಸಿ ಕೂಡಿಸಿದರೆ ಎಂಟು ಬರಬೇಕು. ಎಂಟರಲ್ಲಿ ಐದು ಕಳೆದರೆ ಮೂರು. ಒಂದನೇ ಕ್ಲಾಸಿನ ಮಗು ಮಾಡುವ ಲೆಕ್ಕ. ಆಗ ಮೋಟಾರು ನೆನಪಾಯಿತು. ಬೀದಿಯಿಂದ ಒಳಗೆ ಬಂದ ಮೋಟಾರು ಸೊಂಟದೆತ್ತರದ ಕಟ್ಟೆ ಹತ್ತಿ ಐದನೇ ಅಂಕಣಕ್ಕೆ ಹೋಗುವುದು ಹೇಗೆ? ಅದು ನಿಂತಿದ್ದು ಕಟ್ಟೆಯ ಕೆಳಗೆ, ಎತ್ತಿನ ಜಾಗದಲ್ಲಿ. ಕಂಬ ಅಡ್ಡ ಬಂದದ್ದೂ ಅಲ್ಲೇ, ತೆಗೆಸಿದ್ದೂ ಅಲ್ಲೇ. ಎಲ್ಲವೂ ನನಗೆ ಗೊತ್ತಿತ್ತು.

"ಬಾಣಂತಿ ಮೂರರಲ್ಲಿದ್ದಾಳೆ" ಎಂದೆ.

ಓಡಲು ಹೋದವಳ ರಟ್ಟೆಯನ್ನು ಮೌನೇಶಪ್ಪ ಹಿಡಿದರು. "ಓಡಬ್ಯಾಡ್ರಿ. ಹೆಜ್ಜಿ ಸಪ್ಪಳ ಆಗಬಾರದು. ಬಾಗಲಾ ಹಾಕೂದು ತಗಿಯೂದು ಬ್ಯಾಡ. ಕೂಗಬ್ಯಾಡ್ರಿ. ಹಗೂರಕ ಹೋಗಿ ಹಗೂರಕ ಕರಕೊಂಡ ಬರ್ರಿ."

ಪಡಸಾಲೆಯ ಅಂಚಿಗೆ ಬಂದು ಕೆಳಗೆ ನೋಡಿದೆ. ಕೂಸು ನಿದ್ದೆಯಲ್ಲಿತ್ತು. ಬಸಲಿಂಗವ್ವ ಮಗಳ ತಲೆಗೆ ಬಟ್ಟೆ ಸುತ್ತುತ್ತಿದ್ದರು. ಮೇಲಿನ ಹಲಗೆಗಳಲ್ಲಿ ಎರಡು ನಿನ್ನೆ ಒಂದೇ ಮಟ್ಟದಲ್ಲಿದ್ದವು. ಈಗ ಅವುಗಳ ನಡುವೆ ಬೆರಳು ತೂರುವಷ್ಟು ಸಂದಿಯಿತ್ತು. ಆ ಸಂದಿಯಿಂದ ಒದ್ದೆ ಮಣ್ಣು ಚಿಟಿಕೆ ಚಿಟಿಕೆಯಾಗಿ ಹೊರಸಿನ ಕಾಲ ಬುಡದಲ್ಲಿ ಉದುರುತ್ತಿತ್ತು.

ಮೆಟ್ಟಿಲು ಇಳಿದೆ. ಮೂರೇ ಮೆಟ್ಟಿಲು. ಬಸಲಿಂಗವ್ವ ನನ್ನ ಮುಖ ನೋಡಿ ಏನೋ ಕೇಳಲು ಬಾಯಿ ತೆರೆದರು. ನಾನು ಬೆರಳನ್ನು ತುಟಿಗಿಟ್ಟು ಮೇಲೆ ತೋರಿಸಿದೆ. ಅವರು ನೋಡಿದರು, ನೋಡಿ ಒಂದೂ ಮಾತಾಡದೆ ಕೂಸನ್ನು ಎತ್ತಿ ಎದೆಗೊತ್ತಿಕೊಂಡರು. ರೇಖಾ ಏಳುವಾಗ ಹೊರಸು ಕಿರ್ ಎಂದಿತು. ಮೂವರೂ ನಿಂತಲ್ಲೇ ನಿಂತೆವು. ಮೇಲೆ ಅದಕ್ಕೆ ಉತ್ತರ ಕೊಟ್ಟ ಹಾಗೆ ಒಂದು ಸದ್ದಾಯಿತು, ಮಣ್ಣಿನ ಹೆಂಟೆಯೊಂದು ದಿಂಬಿನ ಮೇಲೆ ಬಿತ್ತು. ರೇಖಾ ನನ್ನ ಕೈ ಹಿಡಿದಳು, ಅವಳ ಉಗುರು ನನ್ನ ಅಂಗೈಗೆ ಇಳಿಯಿತು. ಹೊರಸಿನಿಂದ ಮೆಟ್ಟಿಲಿಗೆ ಎಂಟು ಹೆಜ್ಜೆ. ಆ ಎಂಟು ಹೆಜ್ಜೆಯಲ್ಲಿ ನಾನು ದೇವರಿಗೆ ಏನೇನು ಹರಕೆ ಹೊತ್ತೆನೋ, ತೀರಿಸಬೇಕಾದವು ಇನ್ನೂ ಇವೆ.

ಅವರು ಪಡಸಾಲೆ ಸೇರಿದ ಮೇಲೆ ಮೌನೇಶಪ್ಪ ಆ ಎರಡೂ ಗಳ ಹೊತ್ತು ಕೆಳಗಿಳಿದರು. ಒಬ್ಬರೇ ಆ ಹಲಗೆಗಳ ಕೆಳಗೆ ನಿಂತು, ಒಂದನ್ನು ನಿಲ್ಲಿಸಿ ಬೆಣೆ ಹೊಡೆದರು, ಆಮೇಲೆ ಇನ್ನೊಂದನ್ನು. ಪ್ರತಿ ಹೊಡೆತಕ್ಕೂ ನಾನು ಕಣ್ಣು ಮುಚ್ಚುತ್ತಿದ್ದೆ. ತೊಲೆ ಬೀಳಲಿಲ್ಲ. ಸಂಜೆ ಹಲಗೆ ಬಿಚ್ಚಿ ತೋರಿಸಿದರು. ತುಂಡುಗಳ ನಡುವೆ ನನ್ನ ಅಂಗೈ ಹೋಗುವಷ್ಟು ಬಿರುಕು. ಪಟ್ಟಿಯ ಮೊಳೆಗಳಲ್ಲಿ ಹಿಡಿದು ನಿಂತಿದ್ದುದು ಒಂದೇ.

"ನಿನ್ನಿ ತನಕ ಇಷ್ಟ ಬಿಟ್ಟಿರಲಿಲ್ಲ ಅನಸ್ತೈತ್ರಿ. ಮುಂಜಾನಿ ಮಣ್ಣ ಹಾಕಿದ್ರಲ್ಲ" ಎಂದರು ಮೌನೇಶಪ್ಪ. ಬೈದು ಹೇಳಿದ್ದಲ್ಲ, ಇದ್ದದ್ದು ಹೇಳಿದರು. ನಾನು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮಳೆ ನಿಂತ ಮೇಲೆ ಮಾಳಿಗೆಯ ಮಣ್ಣು ಇಳಿಸಿದರು. ಕಡಿದ ಅಂಚಿನಲ್ಲಿ ಪದರ ಪದರವಾಗಿ ಎಲ್ಲ ಒಡೆಯರೂ ಕಾಣುತ್ತಿದ್ದರು. ತಳದಲ್ಲಿ ವ್ಯಾಪಾರಿಗಳ ಕಾಲದ ಬೆಳ್ಳನೆಯ ಮಣ್ಣು, ಅದರಲ್ಲಿ ಹತ್ತಿಕಾಳು. ನಡುವೆ ವಕೀಲರು ಎಲ್ಲಿಂದಲೋ ತರಿಸಿದ ಕೆಮ್ಮಣ್ಣು. ಮೇಲೆ ಬಸಲಿಂಗವ್ವನ ಬೂದಿ ಬೆರೆತ ಸವಳು. ಪ್ರತಿಯೊಬ್ಬರೂ ಮನೆ ಉಳಿಯಲಿ ಎಂದೇ ಹಾಕಿದ್ದು.

ಸೇತುವೆಯ ನೀರು ಇಳಿದ ದಿನವೇ ಗುರುಪಾದಪ್ಪ ಬಂದರು. ಕೂಸು ಕ್ಷೇಮವೆಂದು ಕೇಳಿ ಕಟ್ಟೆಯ ಮೇಲೆ ಕುಸಿದು ಕೂತರು. ನಡೆದದ್ದನ್ನು ಪಕ್ಕಕ್ಕೆ ಕರೆದು ನಾನೇ ಹೇಳಿದೆ.

"ತಪ್ಪು ನಿಮ್ಮದಲ್ರಿ" ಎಂದರು. "ವಕೀಲರಿಗೆ ಮನಿ ಮಾರೂ ಮುಂದ ಈ ತೊಲಿ ವಿಚಾರ ಹೇಳಬೇಕಿತ್ತು. ನಮ್ಮ ಅಪ್ಪಾರು ಸುಮ್ಮ ಇರು ಅಂದ್ರು, ನಾನೂ ಸುಮ್ಮ ಇದ್ದೆ. ಅಲ್ಲಿಂದ ಇಲ್ಲೀತನಕ ಪ್ರತಿ ಮಳಿಗಾಲಕ್ಕ ಬಂದು ಬೀದ್ಯಾಗ ನಿಂತು ನೋಡಿ ಹೋಗ್ತೀನ್ರಿ, ಮಾಳಿಗಿ ನಿಂತೈತೋ ಇಲ್ಲೋ ಅಂತ. ಒಳಗ ಬಂದು ಹೇಳೂ ಧೈರ್ಯ ಆಗಲಿಲ್ಲ." ಮನೆ ಕೊಳ್ಳುವ ಆಸೆಯಿಂದ ಬರುತ್ತಾರೆಂದು ನಾವು ತಿಳಿದಿದ್ದ ಮನುಷ್ಯ ಮಕ್ಕಳ ಹಾಗೆ ಅತ್ತರು.

ಇಷ್ಟೂ ದಿನ ಇನ್ನೊಂದು ಸಂಕಟ ನನ್ನನ್ನು ತಿನ್ನುತ್ತಿತ್ತು. ನೋಡಲು ಬಂದವರಿಗೆಲ್ಲ ರೇಖಾ, "ಅಕ್ಕೋರ ಇಲ್ಲದಿದ್ರ ನಾವಿಬ್ರೂ ಉಳೀತಿರಲಿಲ್ಲ" ಎಂದು ಹೇಳುತ್ತಿದ್ದಳು. ಅವಳಿಗೆ ಗೊತ್ತಿದ್ದುದು ಕೊನೆಯ ಎಂಟು ಹೆಜ್ಜೆ ಮಾತ್ರ, ಮೊದಲಿನ ಕೋಣೆಯೂ ಬೀಳುವಂತಿತ್ತೆಂದೇ ತಿಳಿದಿದ್ದಳು. ಮೌನೇಶಪ್ಪ ಯಾರಿಗೂ ಹೇಳಿರಲಿಲ್ಲ. ಅವರ ಮಾತು ಕೇಳಿಸಿಕೊಂಡಿದ್ದ ಬಸಲಿಂಗವ್ವನೂ ಹೇಳಿರಲಿಲ್ಲ, ಆದರೆ ಆ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದರು. ನಾನು ನಗುತ್ತ ಕೂತಿರುತ್ತಿದ್ದೆ. ಇನ್ನು ಕೆಲವು ತಿಂಗಳಿಗೆ ವರ್ಗವಾಗಿ ಹೋಗುವವಳು, ಸುಮ್ಮನಿದ್ದರೆ ಏನಾಯಿತು ಎಂದು ಮನಸ್ಸು ಹೇಳುತ್ತಿತ್ತು. ಗುರುಪಾದಪ್ಪ ಅತ್ತದ್ದನ್ನು ನೋಡಿದ ಮೇಲೆ ಹಾಗೆ ಅಂದುಕೊಳ್ಳಲು ಆಗಲಿಲ್ಲ.

ಹೆಸರಿಡುವ ದಿನ ಮನೆ ತುಂಬ ಹೆಂಗಸರು. ಮುಶಿಗೇರಿಯಿಂದ ಬೀಗರು ಬಂದಿದ್ದರು. ತೊಟ್ಟಿಲಿಗೆ ಹಾಕುವ ಮೊದಲು ರೇಖಾ ಕೂಸನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು.

"ಮೊದಲ ಅಕ್ಕೋರ ತೊಡಿ ಮ್ಯಾಲ. ಅವರಿಂದ ಉಳದ ಕೂಸಿದು."

"ರೇಖಾ, ನಿನ್ನನ್ನು ಆ ತುಂಡು ತೊಲೆಯ ಕೆಳಗೆ ಕಳಿಸಿದವಳು ನಾನೇ" ಎಂದೆ. "ನೀನು ಮೊದಲಿದ್ದ ಕೋಣೆ ಗಟ್ಟಿಯಾಗಿತ್ತು. ನಾನು ಎಣಿಸಿದ್ದು ತಪ್ಪಾಯಿತು. ಮೇಲೆ 'ಇನ್ನೂ ಈಚೆಗೆ' ಎಂದು ಮಣ್ಣು ಹಾಕಿಸಿದವಳೂ ನಾನೇ."

ಜೋಗುಳ ಹಾಡುತ್ತಿದ್ದವರು ನಿಲ್ಲಿಸಿದರು. ರೇಖಾ ತಾಯಿಯತ್ತ ತಿರುಗಿದಳು.

"ಖರೇ ಏನಬೇ?"

"ಖರೇ" ಎಂದರು ಬಸಲಿಂಗವ್ವ. ಆರತಿಯ ತಟ್ಟೆ ಅವರ ಕೈಯಲ್ಲೇ ಇತ್ತು.

ರೇಖಾ ಬಾಗಿ ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಂಡಳು. ಖಾಲಿ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಸೆರಗಿನೊಳಗೆ ಸೇರಿಸಿಕೊಂಡೆ. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದಳು. ಅದು ಒಂದಿಷ್ಟು ಕುಸುಕುಸು ಮಾಡಿ ಸುಮ್ಮನಾಯಿತು. ಬಿಚ್ಚಿದ್ದ ಅರಿವೆಯನ್ನು ಮತ್ತೆ ಬಿಗಿಯಾಗಿ ಸುತ್ತಿದಳು. ಆಮೇಲೆ ನನ್ನ ಎದುರಿಗೆ ಕೂತು, ನನ್ನ ಕೈಗಳನ್ನು ಸೆರಗಿನಿಂದ ಹೊರಗೆಳೆದು, ಕೂಸನ್ನು ಅವುಗಳ ಮೇಲೆ ಇಟ್ಟಳು.

"ಎರಡೂ ಕೈಲೆ ಹಿಡೀರಿ, ಅಕ್ಕೋರ" ಎಂದಳು.